ಮನೆಯಲ್ಲಿ ಅಭ್ಯಾಸಕ್ಕೆ ಗಿಟಾರ್ ಆಂಪ್: ಸಣ್ಣ ದನಿಯಲ್ಲಿ ಕೇಳಿ ನೋಡಿ ಕೊಳ್ಳಿ

"ಮೇಡಂ, ಎಷ್ಟು ವ್ಯಾಟ್‌ದು ತಗೊಳ್ಳಲಿ?" ಎಲೆಕ್ಟ್ರಿಕ್ ಗಿಟಾರ್ ಕೊಂಡವರೆಲ್ಲ ಆಂಪ್, ಅಂದರೆ ಗಿಟಾರಿನ ದನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ, ಕೊಳ್ಳುವಾಗ ಮೊದಲು ಕೇಳುವ ಪ್ರಶ್ನೆ ಇದು. ದಾವಣಗೆರೆಯ ವಿದ್ಯಾನಗರದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ಗಿಟಾರ್ ಹೇಳಿಕೊಡುತ್ತೇನೆ. ಸಂಜೆ ಶಾಲೆ ಮಕ್ಕಳು ಬರುತ್ತಾರೆ. ಭಾನುವಾರ ಎಂಜಿನಿಯರಿಂಗ್, ಮೆಡಿಕಲ್ ಹಾಸ್ಟೆಲ್‌ಗಳವರು ಬರುತ್ತಾರೆ. ವ್ಯಾಟ್ ಲೆಕ್ಕ ಹೇಳುವ ಮೊದಲು ನಾನು ಬೇರೆಯದನ್ನೇ ಕೇಳುತ್ತೇನೆ. ಯಾವ ಹೊತ್ತಿನಲ್ಲಿ ನುಡಿಸುತ್ತೀರಿ? ಪಕ್ಕದ ಕೋಣೆಯಲ್ಲಿ ಯಾರಿರುತ್ತಾರೆ? ಗೋಡೆಯ ಆಚೆ ಬೇರೆಯವರ ಮನೆ ಇದೆಯಾ?

ಬಹಳ ಜನರ ಉತ್ತರ ಒಂದೇ ಥರ ಇರುತ್ತದೆ. ರಾತ್ರಿ ಊಟ ಆದ ಮೇಲೆ. ಅಜ್ಜಿ ಮಲಗಿರುತ್ತಾರೆ, ತಂಗಿ ಓದುತ್ತಿರುತ್ತಾಳೆ. ಗೋಡೆಗೆ ಗೋಡೆ ಅಂಟಿದ ಮನೆ. ಹಾಗಿದ್ದರೆ ನಿಮ್ಮ ಆಂಪ್ ನೂರಕ್ಕೆ ತೊಂಬತ್ತು ಸಲ ನಾವು ಮಾತಾಡುವಷ್ಟೇ ಜೋರಿನಲ್ಲಿ ಕೆಲಸ ಮಾಡಬೇಕು. ಆ ಸಣ್ಣ ದನಿಯಲ್ಲಿ ಯಾವುದು ಚೆನ್ನಾಗಿ ಕೇಳುತ್ತದೋ ಅದೇ ನಿಮಗೆ ಸರಿಯಾದ ಆಂಪ್. ಬ್ರಾಂಡು, ಬಟನ್ನು, ಬಣ್ಣ ಎಲ್ಲ ಆಮೇಲೆ.

ವ್ಯಾಟ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಬರೀ 3 ಡೆಸಿಬೆಲ್ ಜಾಸ್ತಿಯಾಗುತ್ತದೆ. ನಮ್ಮ ಕಿವಿಗೆ "ಎರಡರಷ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಸ್ಪೀಕರ್ ಒಂದೇ ಥರದ್ದು ಅಂತಿಟ್ಟುಕೊಂಡರೆ, 100 ವ್ಯಾಟಿನ ಆಂಪ್ 10 ವ್ಯಾಟಿನದಕ್ಕಿಂತ ಕಿವಿಗೆ ಕೇವಲ ಎರಡರಷ್ಟು ಜೋರು. ದುಗ್ಗಮ್ಮನ ಜಾತ್ರೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಇಟ್ಟುಕೊಳ್ಳುವ ಆಂಪ್ ನೋಡಿ "ಅಂಥದ್ದೇ ಬೇಕು" ಅಂತ ಆಸೆಪಡುವ ಹುಡುಗರಿದ್ದಾರೆ. ಅವರ ಮುಂದೆ ಡ್ರಮ್ಸ್ ಇರುತ್ತದೆ, ಬಯಲಿರುತ್ತದೆ. ಹತ್ತಡಿ ಹನ್ನೆರಡಡಿ ಕೋಣೆಗೆ 5ರಿಂದ 20 ವ್ಯಾಟ್ ಧಾರಾಳ ಸಾಕು. 3 ವ್ಯಾಟ್‌ನಲ್ಲೂ ಅಭ್ಯಾಸ ನಡೆಯುತ್ತದೆ.

ಒಂದೇ ಎಚ್ಚರ. ವಾಲ್ವ್ ಅಥವಾ ಟ್ಯೂಬ್ ಆಂಪ್ (ಹಳೆ ರೇಡಿಯೋದ ಹಾಗೆ ಗಾಜಿನ ಕೊಳವೆಗಳಿಂದ ನಡೆಯುವಂಥದ್ದು) ಕೊಳ್ಳುವ ಆಸೆ ಇದ್ದರೆ "5 ವ್ಯಾಟ್ ಅಷ್ಟೇ ಅಲ್ವಾ" ಅಂತ ಹಗುರವಾಗಿ ತಗೊಳ್ಳಬೇಡಿ. ಟ್ಯೂಬ್ ಆಂಪಿನ ಒಳ್ಳೆ ದನಿ ಬರುವುದು ಅದನ್ನು ಚೆನ್ನಾಗಿ ಏರಿಸಿದಾಗ. 5 ವ್ಯಾಟಿನ ಟ್ಯೂಬ್ ಆಂಪ್ ಏರಿಸಿದರೆ ಬೀದಿಗೆ ಕೇಳುತ್ತದೆ. ಮನೆಯ ಅಭ್ಯಾಸಕ್ಕೆ ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್ ಆಂಪೇ ಸರಿ.

ಈಗ ಮುಖ್ಯವಾದದ್ದು. ಅಂಗಡಿಯಲ್ಲಿ ಆಂಪ್ ನೋಡುವಾಗ ಅಂಗಡಿಯವರು ಗೇನ್ (ದನಿ ಒಡೆಯುವ ಗುಂಡಿ) ಏರಿಸಿ, ವಾಲ್ಯೂಮ್ ಏರಿಸಿ, ಒಂದು ರಾಕ್ ತುಣುಕು ಬಾರಿಸಿ ತೋರಿಸುತ್ತಾರೆ. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಆದರೆ ಜೋರಾಗಿ ಕೇಳಿದಾಗ ಯಾವ ಸ್ಪೀಕರಾದರೂ ತುಂಬಿಕೊಂಡ ಹಾಗೆ ಕೇಳುತ್ತದೆ. ಇದು ಕಿವಿಯ ಗುಣ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಕೆಳಗಿನ ದನಿ, ಅಂದರೆ ಬೇಸ್, ಬೇಗ ಕಾಣೆಯಾಗುತ್ತದೆ. ತೀರಾ ಮೇಲಿನ ದನಿಯೂ ಸ್ವಲ್ಪ ಮಂಕಾಗುತ್ತದೆ. ಅಂಗಡಿಯಲ್ಲಿ ಕೇಳಿದ ಸದ್ದು ಮನೆಯಲ್ಲಿ ಬರಲ್ಲ ಅಂತ ಮಕ್ಕಳು ಮುಖ ಸಪ್ಪೆ ಮಾಡಿಕೊಂಡು ಬರುವುದು ಇದೇ ಕಾರಣಕ್ಕೆ.

ಅದಕ್ಕೇ ನಾನು ಹೇಳುವ ಪರೀಕ್ಷೆ ಹೀಗಿದೆ. ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ತಗೊಂಡು ಹೋಗಿ. ಅಂಗಡಿಯಲ್ಲಿ ಸಂದಣಿ ಇಲ್ಲದ ಹೊತ್ತು ನೋಡಿಕೊಳ್ಳಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳ್ಳೆಯದು. ಎಫೆಕ್ಟ್ ಎಲ್ಲ ಆಫ್ ಮಾಡಿಸಿ. ಕ್ಲೀನ್, ಅಂದರೆ ದನಿ ಒಡೆಯದ, ಚಾನೆಲ್‌ಗೆ ಹಾಕಿ. ಬೇಸ್, ಟ್ರೆಬಲ್ ಎರಡನ್ನೂ ನಡುವೆ ನಿಲ್ಲಿಸಿ. ವಾಲ್ಯೂಮ್ ಸೊನ್ನೆಗೆ ತಂದು, ಅಲ್ಲಿಂದ ನಿಧಾನಕ್ಕೆ ತಿರುಗಿಸಿ. ಪಕ್ಕದಲ್ಲಿ ನಿಂತವರ ಜೊತೆ ದನಿ ಏರಿಸದೆ ಮಾತಾಡಲು ಆಗಬೇಕು, ಅಲ್ಲಿಗೆ ನಿಲ್ಲಿಸಿ.

ಈ ತಿರುಗಿಸುವ ಕೆಲಸದಲ್ಲೇ ಒಂದು ವಿಷಯ ಗೊತ್ತಾಗಿಬಿಡುತ್ತದೆ. ಕೆಲವು ಆಂಪ್‌ಗಳಲ್ಲಿ ಸೊನ್ನೆಯಿಂದ ಒಂದರ ತನಕ ಏನೂ ಕೇಳಲ್ಲ, ಕೂದಲೆಳೆಯಷ್ಟು ಮುಂದೆ ಹೋದರೆ ಧಡಕ್ಕನೆ ಜೋರು. ನಡುವೆ ನಿಲ್ಲುವ ಜಾಗವೇ ಇಲ್ಲ. ಅಂಥದ್ದನ್ನು ಮನೆಗೆ ತಂದರೆ ದಿನಾ ರಾತ್ರಿ ಆ ಗುಂಡಿಯ ಜೊತೆ ಗುದ್ದಾಟ. ಬೇಡ ಅಂತ ಅಲ್ಲೇ ಬಿಟ್ಟುಬಿಡಿ, ಉಳಿದದ್ದು ಎಷ್ಟೇ ಚೆನ್ನಾಗಿರಲಿ. ಸಣ್ಣ ದನಿಯ ಜಾಗದಲ್ಲಿ ಗುಂಡಿ ನಯವಾಗಿ ಏರಬೇಕು.

ಆಮೇಲೆ ಇ ಮೇಜರ್ ಕಾರ್ಡ್ ಹಿಡಿದು ಒಂದೇ ಸಲ ಮೇಲಿಂದ ಕೆಳಗೆ ಮೀಟಿ, ಕೈ ಬಿಡದೆ ಸುಮ್ನೆ ಕೇಳುತ್ತಾ ಇರಿ. ಆರು ತಂತಿಯೂ ಬೇರೆ ಬೇರೆಯಾಗಿ ಕೇಳಬೇಕು, ಮುದ್ದೆಯಾಗಬಾರದು. ದನಿ ಸಣ್ಣಗಾಗುತ್ತಾ ಹೋದಂತೆ ಆಂಪಿನ ಸ್ಸ್ಸ್ ಅನ್ನುವ ಸದ್ದು ಮೇಲೆ ಬರುತ್ತದೆ. ತಂತಿಯ ದನಿ ಇನ್ನೂ ಇದ್ದಾಗಲೇ ಆ ಸ್ಸ್ಸ್ ಅದನ್ನು ನುಂಗಿದರೆ ಆ ಆಂಪ್ ಬೇಡ. ಕೊನೆಗೆ ಒಂದೇ ತಂತಿಯಲ್ಲಿ ಜಾರಿಸಿ ನೋಡಿ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಕರ್ನಾಟಕ ಸಂಗೀತವನ್ನೂ ಕಲಿಯುತ್ತಾರೆ. ಅವರಿಗೆ ಮಾಯಾಮಾಳವಗೌಳದ ಸರಳೆ ನುಡಿಸಿ ನೋಡಲು ಹೇಳುತ್ತೇನೆ. ಸ ಮತ್ತು ರಿ ನಡುವೆ ಒಂದೇ ಫ್ರೆಟ್ ಅಂತರ. ಪ ಮತ್ತು ದ ಕೂಡ ಹಾಗೆ. ಒಳ್ಳೆ ಆಂಪಿನಲ್ಲಿ ಬೆರಳು ಸ್ವಲ್ಪ ಆಚೀಚೆ ಆದರೂ ಗೊತ್ತಾಗುತ್ತದೆ. ಅಭ್ಯಾಸಕ್ಕೆ ಬೇಕಾದದ್ದೇ ಅದು. ನಮ್ಮ ತಪ್ಪು ನಮಗೆ ಕೇಳಿಸಬೇಕು. ಗೇನ್ ತುಂಬಿದ ಸದ್ದಿನಲ್ಲಿ ಎಲ್ಲ ತಪ್ಪೂ ಮುಚ್ಚಿಹೋಗುತ್ತದೆ, ಆರು ತಿಂಗಳು ಕಳೆದರೂ ಬಲಗೈ ತಿದ್ದುವುದಿಲ್ಲ.

ಕ್ಲೀನ್ ಪಾಸಾದರೆ ಮಾತ್ರ ಡಿಸ್ಟಾರ್ಷನ್, ಅಂದರೆ ಒಡೆದ ದನಿ, ಕೇಳಿ. ಅದನ್ನೂ ಅದೇ ಸಣ್ಣ ದನಿಯಲ್ಲಿ. ಗೇನ್ ಮತ್ತು ವಾಲ್ಯೂಮ್ ಬೇರೆ ಬೇರೆ ಗುಂಡಿ ಇರುವುದು ಮುಖ್ಯ. ಗೇನ್ ಅಂದರೆ ದನಿ ಎಷ್ಟು ಒಡೆಯಬೇಕು ಅನ್ನುವುದು, ವಾಲ್ಯೂಮ್ ಅಂದರೆ ಎಷ್ಟು ಜೋರಾಗಿ ಹೊರಗೆ ಬರಬೇಕು ಅನ್ನುವುದು. ಎರಡೂ ಬೇರೆ ಇದ್ದರೆ ಪಿಸುಮಾತಿನಷ್ಟು ಸದ್ದಿನಲ್ಲೂ ರಾಕ್ ನುಡಿಸಬಹುದು.

ಸ್ಪೀಕರ್ ಗಾತ್ರ ಸುಮಾರು ವಿಷಯ ಹೇಳುತ್ತದೆ. ಗಿಟಾರಿನ ದಪ್ಪ ತಂತಿ ತೆರೆದು ಮೀಟಿದರೆ 82 ಹರ್ಟ್ಸ್ ದನಿ. 3 ಇಂಚಿನ ಸ್ಪೀಕರ್ ಅಷ್ಟು ಕೆಳಗಿನ ದನಿಯನ್ನು ಸರಿಯಾಗಿ ಕೊಡಲಾರದು. ಅದರ ಮೇಲಿನ ಸಹಸ್ವರಗಳನ್ನು ಮಾತ್ರ ಕೊಡುತ್ತದೆ, ಉಳಿದದ್ದನ್ನು ನಮ್ಮ ಕಿವಿಯೇ ಊಹಿಸಿಕೊಳ್ಳುತ್ತದೆ. ಕೆಲಸ ನಡೆಯುತ್ತದೆ, ಆದರೆ ತುಂಬು ದನಿ ಇರಲ್ಲ. 6 ಇಂಚು ಇದ್ದರೆ ಸಮಾಧಾನ. 8 ಇಂಚು ಇದ್ದರೆ ಇನ್ನೂ ಚೆನ್ನ. ನನ್ನ ಅನುಭವದಲ್ಲಿ ವ್ಯಾಟ್ ಹೆಚ್ಚಿಸಲು ಕೊಡುವ ದುಡ್ಡನ್ನು ಸ್ಪೀಕರ್ ಗಾತ್ರಕ್ಕೆ ಕೊಟ್ಟರೆ ಮನೆಯಲ್ಲಿ ಲಾಭ ಜಾಸ್ತಿ.

"ಮನೆಯಲ್ಲಿ ಹೋಮ್ ಥಿಯೇಟರ್ ಇದೆಯಲ್ಲ, ಅದಕ್ಕೇ ಚುಚ್ಚಿದರೆ ಆಗಲ್ವಾ?" ಅಂತ ಅಪ್ಪಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಗಲ್ಲ, ಕಾರಣ ಎರಡು. ಗಿಟಾರಿನ ಪಿಕಪ್‌ನಿಂದ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಬರುವ ಸಿಗ್ನಲ್ ಬಹಳ ದುರ್ಬಲ. ಗಿಟಾರ್ ಆಂಪಿನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್ ಇರುತ್ತದೆ, ಅದು ಸಿಗ್ನಲ್ಲನ್ನು ಎಳೆಯದೆ ಪೂರ್ತಿ ತಗೊಳ್ಳುತ್ತದೆ. ಹೋಮ್ ಥಿಯೇಟರಿನ ಇನ್‌ಪುಟ್ ಅಷ್ಟಿರುವುದಿಲ್ಲ, ಅದಕ್ಕೇ ದನಿ ಮಂಕಾಗಿ, ಕ್ಷೀಣವಾಗಿ ಬರುತ್ತದೆ. ಎರಡನೆಯದು ಸ್ಪೀಕರಿನ ಗುಣ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನು ತಾನಾಗಿ ಕತ್ತರಿಸುತ್ತದೆ. ಹೋಮ್ ಥಿಯೇಟರ್ ಎಲ್ಲವನ್ನೂ ಕೊಡುತ್ತದೆ. ಒಡೆದ ದನಿಯ ಚೂಪೆಲ್ಲ ಹಾಗೇ ಹೊರಗೆ ಬಂದು ಜೇನ್ನೊಣದ ಗುಂಪಿನ ಹಾಗೆ ಕೇಳುತ್ತದೆ. ಬ್ಲೂಟೂತ್ ಸ್ಪೀಕರ್ ಅಂತೂ ಬೇಡವೇ ಬೇಡ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ನಿಮಿಷಕ್ಕೆ 120 ಬೀಟ್‌ನ ಲಯದಲ್ಲಿ, ಒಂದು ಬೀಟಿಗೆ ನಾಲ್ಕು ಸ್ವರದಂತೆ ನುಡಿಸಿದರೆ ಒಂದೊಂದು ಸ್ವರಕ್ಕೆ ಸಿಗುವುದು 125 ಮಿಲಿಸೆಕೆಂಡ್. ಅಂದರೆ ನೀವು ಮುಂದಿನ ಸ್ವರ ಮೀಟುವಾಗ ಹಿಂದಿನದು ಕೇಳುತ್ತಿರುತ್ತದೆ. ಲಯ ಕೆಡಿಸಿಕೊಳ್ಳಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಆಂಪಿನಲ್ಲಿರುವ ಬ್ಲೂಟೂತ್ ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ಮಾತ್ರ.

ಹಾಡು ಅಂದಾಗ ನೆನಪಾಯಿತು. ಆಕ್ಸ್ ಇನ್ ಅನ್ನುವ ಪುಟ್ಟ ತೂತು ಇದೆಯಾ ನೋಡಿ. ಫೋನಿನಲ್ಲಿ ತಂಬೂರಿ ಆಪ್ ಹಾಕಿ, ಶ್ರುತಿಯನ್ನು ಆಂಪಿನಲ್ಲೇ ಕೇಳುತ್ತಾ ಅದರ ಮೇಲೆ ನುಡಿಸುವುದು ನನ್ನ ಪ್ರಕಾರ ಅತ್ಯುತ್ತಮ ಅಭ್ಯಾಸ. ಮೆಟ್ರೊನೋಮ್‌ಗೂ ಅದೇ ತೂತು. ಈಗಿನ ಎಷ್ಟೋ ಫೋನ್‌ಗಳಲ್ಲಿ ಹೆಡ್‌ಫೋನ್ ಜಾಕ್ ಇಲ್ಲ, ಟೈಪ್-ಸಿ ಕನೆಕ್ಟರ್ ಬೇಕಾಗುತ್ತದೆ. ಅದನ್ನೂ ಜೊತೆಗೇ ತಗೊಂಡುಬಿಡಿ.

ಅಕೌಸ್ಟಿಕ್ ಗಿಟಾರಿಗೆ ಪಿಕಪ್ ಇದೆ, ಅದಕ್ಕೂ ಇದೇ ಆಂಪ್ ಆಗುತ್ತಾ ಅಂತ ಕೇಳುವವರಿಗೆ ಒಂದು ಮಾತು. ಮೇಲೆ ಹೇಳಿದ ಆ 5 ಕಿಲೋಹರ್ಟ್ಸ್ ಕತ್ತರಿ ಎಲೆಕ್ಟ್ರಿಕ್‌ಗೆ ವರ, ಅಕೌಸ್ಟಿಕ್‌ಗೆ ಶಾಪ. ಮರದ ದನಿಯ ಮಿಂಚೆಲ್ಲ ಅಲ್ಲೇ ಹೋಗುತ್ತದೆ. ಅದಕ್ಕೆ ಅಕೌಸ್ಟಿಕ್ ಆಂಪ್ ಬೇರೆ ಬರುತ್ತದೆ. ಫೆಂಡರ್ ಅಕೌಸ್ಟಾಸಾನಿಕ್ 15 ಅಂಥದ್ದು. 15 ವ್ಯಾಟ್, 6 ಇಂಚಿನ ಸ್ಪೀಕರ್, ಮೈಕ್ ಹಾಕಲೂ ಜಾಗ ಇದೆ. ಹಾಡುತ್ತಾ ನುಡಿಸುವವರಿಗೆ ಹೇಳಿ ಮಾಡಿಸಿದ್ದು. ಮನೆಯಲ್ಲಿ ಮಾತ್ರ ನುಡಿಸುವುದಾದರೆ ಅಕೌಸ್ಟಿಕ್‌ಗೆ ಆಂಪೇ ಬೇಕಿಲ್ಲ.

ಕರೆಂಟಿನ ವಿಷಯ ನಮ್ಮ ಕಡೆಯವರು ಬೇರೆ ಯೋಚನೆ ಮಾಡಬೇಕು. ಬೇಸಿಗೆಯಲ್ಲಿ ಸಂಜೆ ಕರೆಂಟ್ ಹೋಗುವುದು ಇದ್ದದ್ದೇ. ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳಿಗೆ ಇನ್ನೂ ಕಷ್ಟ. ಇನ್ವರ್ಟರ್ ಇದ್ದರೂ, ಅದು ಸ್ಕ್ವೇರ್ ವೇವ್ ಆಗಿದ್ದರೆ ಆಂಪ್ ಜುಂಯ್ ಅನ್ನುತ್ತಲೇ ಇರುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ಆ ತೊಂದರೆ ಕಡಿಮೆ. ಆದ್ದರಿಂದ ಬ್ಯಾಟರಿಯಲ್ಲೂ ನಡೆಯುವ ಆಂಪಿಗೆ ನಾನು ಒಂದು ಅಂಕ ಜಾಸ್ತಿ ಕೊಡುತ್ತೇನೆ. ಬ್ಲ್ಯಾಕ್‌ಸ್ಟಾರ್ ಫ್ಲೈ 3, ಬಾಸ್ ಕಟಾನಾ ಮಿನಿ ಎರಡೂ ಆರು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತವೆ. ಚಾರ್ಜ್ ಮಾಡುವ ಸೆಲ್ ಹಾಕಿದರೆ ಖರ್ಚಿನ ಚಿಂತೆಯೂ ಇಲ್ಲ.

ಇನ್ನೊಂದು, ಇದನ್ನು ಒತ್ತಿ ಹೇಳುತ್ತೇನೆ. ನಮ್ಮೂರಿನಲ್ಲಿ ಎಷ್ಟೋ ಮನೆಯವರ ಮಗನೋ ಅಳಿಯನೋ ಅಮೆರಿಕದಲ್ಲಿದ್ದಾರೆ. "ಅಲ್ಲಿ ಅಗ್ಗ, ಬರುವಾಗ ತರುತ್ತಾನೆ" ಅನ್ನುವವರು ಬಹಳ. ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ಅಲ್ಲಿಗಂತಲೇ ಮಾಡಿದ ಆಂಪನ್ನು ಇಲ್ಲಿ ಪಿನ್ ಬದಲಿಸಿ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100-240 ಅಂತ ಬರೆದಿರುತ್ತದೆ, ಅದು ಎಲ್ಲ ಕಡೆ ನಡೆಯುತ್ತದೆ. ಆಂಪಿನ ಹಿಂದೆ ಬರೀ 120 ಅಂತಿದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಆ ಭಾರ, ಆ ಖರ್ಚು ಸೇರಿದರೆ ಅಗ್ಗವೇನೂ ಉಳಿಯಲ್ಲ. ಅಲ್ಲಿಂದ ತರಿಸಲೇಬೇಕು ಅಂದರೆ ಹಿಂಬದಿಯ ಫೋಟೋ ಕಳಿಸಲು ಹೇಳಿ, ವೋಲ್ಟ್ ಓದಿ, ಆಮೇಲೆ ಹೂಂ ಅನ್ನಿ.

ಹಾಸ್ಟೆಲ್‌ನವರು ಮೊದಲು ಹೆಡ್‌ಫೋನ್ ತೂತು ನೋಡಬೇಕು. ಅದಕ್ಕೆ ಚುಚ್ಚಿದ ಕೂಡಲೇ ಸ್ಪೀಕರ್ ಬಂದ್ ಆಗಬೇಕು. ಕೆಲವು ಅಗ್ಗದ ಆಂಪ್‌ಗಳಲ್ಲಿ ಹೆಡ್‌ಫೋನಿಗೆ ಸ್ಪೀಕರಿನ ಗುಣ ಸೇರಿಸದೆ ಹಸಿ ಸಿಗ್ನಲ್ಲನ್ನೇ ಕಳಿಸುತ್ತಾರೆ. ಆಗ ಡಿಸ್ಟಾರ್ಷನ್ ಕಿವಿಗೆ ಗೀರಿದ ಹಾಗಾಗುತ್ತದೆ. ಅಂಗಡಿಗೆ ನಿಮ್ಮದೇ ಹೆಡ್‌ಫೋನ್ ಒಯ್ದು ಕೇಳಿ. ಒಂದೇ ಕೋಣೆಯಲ್ಲಿ ಮೂರು ಜನ ಇರುವವರಿಗೆ ಆಂಪ್ ಬಿಟ್ಟು ವಾಕ್ಸ್ ಆಂಪ್‌ಪ್ಲಗ್ ಥರದ್ದು ಸಾಕು ಅಂತ ನಾನೇ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ನೇರ ಗಿಟಾರಿಗೇ ಚುಚ್ಚಿಕೊಳ್ಳುತ್ತದೆ, ಎರಡು ಸಣ್ಣ ಸೆಲ್‌ನಲ್ಲಿ ನಡೆಯುತ್ತದೆ. ಹೆಡ್‌ಫೋನ್ ಮಾತ್ರ ವೈರಿನದ್ದೇ ಇರಲಿ.

ಹೆಸರು ಹೇಳಿ ಅಂತೀರಿ. ಹೇಳುತ್ತೇನೆ, ಆದರೆ ಬೆಲೆ ತಿಂಗಳಿಗೊಂದು ಥರ ಇರುವುದರಿಂದ ಅದನ್ನು ನೀವೇ ವಿಚಾರಿಸಿಕೊಳ್ಳಿ. ಮೊದಲ ಆಂಪಿಗೆ ನನ್ನ ಆಯ್ಕೆ ನಾಲ್ಕೈದು ಗುಂಡಿಯ ಸರಳ ಪೆಟ್ಟಿಗೆ. ಫೆಂಡರ್ ಫ್ರಂಟ್‌ಮ್ಯಾನ್ 10ಜಿ, ಮಾರ್ಷಲ್ ಎಂಜಿ10, ವಾಕ್ಸ್ ಪಾತ್‌ಫೈಂಡರ್ 10 ಮೂರೂ 10 ವ್ಯಾಟಿನವು, ಆರು ಅಥವಾ ಆರೂವರೆ ಇಂಚಿನ ಸ್ಪೀಕರ್. ಆರೆಂಜ್ ಕ್ರಷ್ 12 ಕೂಡ ಇದೇ ಸಾಲಿನದು. ಕ್ಲೀನ್ ಇಷ್ಟಪಡುವವರಿಗೆ ಫೆಂಡರ್, ಒಡೆದ ದನಿ ಇಷ್ಟಪಡುವವರಿಗೆ ಆರೆಂಜ್ ಅಂತ ನನ್ನ ಕಿವಿ ಹೇಳುತ್ತದೆ. ಸ್ಟ್ರೇಂಜರ್‌ನಂಥ ನಮ್ಮ ದೇಶದ ಬ್ರಾಂಡ್‌ಗಳೂ ಇವೆ, ಅವನ್ನೂ ಇದೇ ಸಣ್ಣ ದನಿಯ ಪರೀಕ್ಷೆಗೆ ಹಾಕಿ ನೋಡಿ, ಬ್ರಾಂಡ್ ನೋಡಿ ಮೂಗು ಮುರಿಯಬೇಡಿ.

ಡಿಜಿಟಲ್‌ನಲ್ಲಿ ನನಗೆ ಮೆಚ್ಚುಗೆಯಾದದ್ದು ಯಮಹಾ ಟಿಎಚ್‌ಆರ್ ಸಾಲು. 2011ರಿಂದ ಬರುತ್ತಿದೆ, ಮೇಜಿನ ಮೇಲೆ ಇಟ್ಟು ಸಣ್ಣಗೆ ನುಡಿಸಲೆಂದೇ ಮಾಡಿದ್ದು. ಎರಡು ಪುಟ್ಟ ಸ್ಪೀಕರ್, ಯುಎಸ್‌ಬಿಯಲ್ಲಿ ಕಂಪ್ಯೂಟರಿಗೂ ಸೇರುತ್ತದೆ. ಬೆಲೆ ಜಾಸ್ತಿ. ಆದರೆ ಪಿಸುಮಾತಿನ ಮಟ್ಟದಲ್ಲಿ ಇಷ್ಟು ತುಂಬಿದ ದನಿ ಕೊಡುವುದನ್ನು ನಾನು ಬೇರೆ ಕೇಳಿಲ್ಲ. ಮುಂದೆ ಬ್ಯಾಂಡ್ ಕಟ್ಟುವ ಯೋಚನೆ ಇದ್ದರೆ ಬಾಸ್ ಕಟಾನಾ 50 ನೋಡಿ. 12 ಇಂಚಿನ ಸ್ಪೀಕರ್ ಇದ್ದರೂ ಅರ್ಧ ವ್ಯಾಟಿಗೆ ಇಳಿಸುವ ಸ್ವಿಚ್ ಇದೆ. ಮನೆಗೂ ಆಯಿತು, ಕಾಲೇಜು ವೇದಿಕೆಗೂ ಆಯಿತು. ಫೆಂಡರ್ ಮಸ್ಟಾಂಗ್ ಎಲ್‌ಟಿ25 ನಡುವಿನದು, 8 ಇಂಚಿನ ಸ್ಪೀಕರ್, ಬೇರೆ ಬೇರೆ ಆಂಪ್‌ಗಳ ದನಿ ಅದರೊಳಗೇ ಇದೆ. ಹನ್ನೆರಡು ವರ್ಷದ ಮಕ್ಕಳಿಗೆ ಮಾತ್ರ ಇಂಥವನ್ನು ಕೊಡಿಸಲು ನನಗೆ ಮನಸ್ಸಿಲ್ಲ. ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ದನಿ ಹುಡುಕುವುದರಲ್ಲೇ ಹೋಗುತ್ತದೆ.

ನಮ್ಮೂರಿನ ಅಂಗಡಿಯಲ್ಲಿ ಇವೆಲ್ಲ ಒಟ್ಟಿಗೆ ಇರಲ್ಲ. ಹುಬ್ಬಳ್ಳಿಗೋ ಬೆಂಗಳೂರಿಗೋ ಯಾವ ಕೆಲಸಕ್ಕಾದರೂ ಹೋದಾಗ ಗಿಟಾರ್ ಜೊತೆಗೆ ಒಯ್ಯಿರಿ. ಕೇಳದೆ ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಕಳಿಸುವ ನಿಯಮ ಮೊದಲು ಓದಿ, ಬಂದ ದಿನವೇ ಪರೀಕ್ಷೆ ಮಾಡಿ, ಡಬ್ಬಿ ಎಸೆಯಬೇಡಿ.

ಮನೆಗೆ ತಂದ ಮೇಲೆ ಬರುವ ಮೊದಲ ದೂರು ಗುಂಯ್ ಸದ್ದು. ಆಂಪ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರ್ ಸುತ್ತಲಿನ 50 ಹರ್ಟ್ಸ್ ಕರೆಂಟಿನ ಗುಂಯ್ಯನ್ನು ಎಳೆದುಕೊಳ್ಳುತ್ತದೆ. ಗಿಟಾರ್ ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿ, ಒಂದು ದಿಕ್ಕಿನಲ್ಲಿ ಸದ್ದು ಇಳಿಯುತ್ತದೆ. ಆ ಕಡೆಗೇ ಕೂರಿ. ಲೈಟಿನ ಡಿಮ್ಮರ್, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಫೋನ್ ಚಾರ್ಜರ್ ಒಂದೊಂದಾಗಿ ಆರಿಸಿ ಕೇಳಿದರೆ ಕಳ್ಳ ಸಿಗುತ್ತಾನೆ. ಫ್ಯಾನ್ ಪೂರ್ತಿ ವೇಗಕ್ಕೆ ಹಾಕಿದರೂ ಕೆಲವು ಸಲ ಸದ್ದು ನಿಲ್ಲುತ್ತದೆ. ಎರಡು ಸುರುಳಿಯ ಹಂಬಕರ್ ಪಿಕಪ್ ಇದ್ದರೆ ಈ ಗೋಳು ಬಹಳ ಕಡಿಮೆ.

ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅದು ಮಾಮೂಲು. ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ ಮಾತ್ರ ಕೂಡಲೇ ಆಫ್ ಮಾಡಿ ಪ್ಲಗ್ ತೆಗೆಯಿರಿ. ಎಷ್ಟೋ ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಒಳಗೆ ಅರ್ತಿಂಗ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿ ಮಾಡಿಸಿದ ಮೇಲೇ ನುಡಿಸಿ. ಗುಂಯ್ ಕಡಿಮೆ ಮಾಡಲು ಮೂರನೇ ಪಿನ್ ಮುರಿಯಿರಿ ಅಂತ ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಕೇಳಬೇಡಿ. ನಿಮ್ಮ ಜೀವ ಉಳಿಸಲು ಇರುವ ಪಿನ್ ಅದು.

ಆಂಪನ್ನು ನೆಲದ ಮೇಲೆ ಮೂಲೆಗೆ ತಳ್ಳಿ ಇಡುವುದು ನಮ್ಮ ಅಭ್ಯಾಸ. ಮೂಲೆಯಲ್ಲಿ ಬೇಸ್ ಉಬ್ಬುತ್ತದೆ, ಕೆಳಗಿನ ಮನೆಯವರಿಗೆ ನೆಲದ ಮೂಲಕ ಗುದ್ದು ಕೇಳುತ್ತದೆ, ನಿಮಗೆ ಮಾತ್ರ ಮೊಣಕಾಲಿಗೆ ಸದ್ದು. ಒಂದು ಸ್ಟೂಲ್ ಮೇಲೆ ಹಳೆ ರಗ್ಗು ಮಡಚಿ ಹಾಕಿ, ಅದರ ಮೇಲೆ ಆಂಪ್ ಇಟ್ಟು, ಸ್ಪೀಕರ್ ಮುಖ ನಿಮ್ಮ ಕಿವಿಯ ಕಡೆ ಓರೆ ಮಾಡಿ. ಅರ್ಧ ವಾಲ್ಯೂಮಿನಲ್ಲೇ ಎರಡರಷ್ಟು ಸ್ಪಷ್ಟ ಕೇಳುತ್ತದೆ. ಸಣ್ಣ ದನಿಯಲ್ಲಿ ಬೇಸ್ ಸ್ವಲ್ಪ ಏರಿಸಿಕೊಂಡರೆ ಕಿವಿ ಕಳೆದುಕೊಂಡದ್ದು ವಾಪಸ್ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಧಾರಾಳ ತಗೊಳ್ಳಿ, ಪ್ರತಿ ವರ್ಷ ಕೋರ್ಸ್ ಮುಗಿಸಿ ಊರು ಬಿಡುವ ಹುಡುಗರು ಮಾರುತ್ತಾರೆ. ಪ್ರತಿ ಗುಂಡಿಯನ್ನೂ ಪೂರ್ತಿ ತಿರುಗಿಸಿ. ಕರಕರ ಅಂದರೆ ಧೂಳು ಸೇರಿದೆ ಅಂತ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ. ಕೇಬಲ್ ಚುಚ್ಚಿದ ಜಾಗದಲ್ಲಿ ಮೆಲ್ಲಗೆ ಅಲ್ಲಾಡಿಸಿ. ದನಿ ಹೋಗಿ ಬಂದರೆ ಜಾಕ್ ಸಡಿಲ, ಒಳಗೆ ಬೆಸುಗೆ ಬಿಟ್ಟಿರಬಹುದು. ರಿಪೇರಿಯಾಗುತ್ತದೆ, ಬೆಲೆ ಇಳಿಸಿ ಕೇಳಿ. ಜಾಲರಿಯ ಮೂಲಕ ಟಾರ್ಚ್ ಹಾಕಿ ಸ್ಪೀಕರ್ ಕಾಗದ ಹರಿದಿದೆಯಾ ನೋಡಿ. ಹರಿದಿದ್ದರೆ ಬೇಡ.

ಇಷ್ಟೆಲ್ಲ ಆದ ಮೇಲೆ ಕೇಬಲ್‌ಗೂ ನಾಲ್ಕು ಕಾಸು ಉಳಿಸಿಕೊಳ್ಳಿ. ಗಿಟಾರ್ ಜೊತೆ ಉಚಿತ ಬರುವ ತೆಳು ಕೇಬಲ್ ಬಹಳ ದಿನ ಬಾಳಲ್ಲ. ಮನೆಗೆ 3 ಮೀಟರ್ ಉದ್ದದ್ದು ಸಾಕು. ಚುಚ್ಚುವಾಗ, ತೆಗೆಯುವಾಗ ಎರಡೂ ಸಲ ವಾಲ್ಯೂಮ್ ಸೊನ್ನೆಗೆ ತನ್ನಿ, ಮತ್ತು ಕೇಬಲ್ ಸುತ್ತುವಾಗ ಮೊಣಕೈಗೆ ಬಿಗಿಯಾಗಿ ಸುತ್ತದೆ ದೊಡ್ಡ ಸುರುಳಿಯಾಗಿ ಸಡಿಲವಾಗಿ ಸುತ್ತಿ ಇಡಿ.